ಮೂರು ಭಾನುವಾರದ ಪ್ರಕಟಣೆ

ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯ ಆ ಮನೆಯಲ್ಲಿ, ಶಾಮಿಯಾನದ ಕಂಬಗಳು, ಮಡಿಸಿಟ್ಟ ಬಟ್ಟೆ, ಒಂದರೊಳಗೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು ಬಿಟ್ಟುಕೊಟ್ಟಷ್ಟು ಅಂಗಳದಲ್ಲಿ ಕರುಣಮ್ಮ ಕಾಲು ಚಾಚಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಹಿಂದಿನ ದಿನ ನೆನೆಹಾಕಿದ ಕಾಳು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಚರ್ಚಿಗೆ ಉಟ್ಟಿದ್ದ ಬಿಳಿ ಸೀರೆಯನ್ನು ಅವಳು ಇನ್ನೂ ಬದಲಾಯಿಸಿರಲಿಲ್ಲ.

ಸೊಸೆ ಸುಗುಣ ಒಳಗೆ ಖಾರ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿ ಬಾಗಿಲಿಗೆ ಬಂದಳು.

"ಅತ್ತೆ, ಅವ್ರು ಬಂದ್ಮೇಲೆ ನೀವೇ ಹೇಳ್ಬೇಕು. ನನ್ ಬಾಯಲ್ಲಿ ಬರಲ್ಲ."

"ಯೋಳ್ತೀನಿ ಬುಡು. ಉಂಡ ಮ್ಯಾಲೆ ಯೋಳ್ತೀನಿ. ಹಸಿದಿದ್ರೆ ಅವನಿಗೆ ಕ್ವಾಪ ಜಾಸ್ತಿ."

"ಉಂಡ್ರೂ ಜಾಸ್ತೀನೇ."

"ಹಂಗಾದ್ರೆ ಸಾರಿಗೆ ಖಾರ ಕಮ್ಮಿ ಹಾಕು."

ಹೇಳಬೇಕಾಗಿದ್ದ ವಿಷಯ ಇಷ್ಟೇ. ಚರ್ಚಿನಲ್ಲಿ ಮದುವೆಯಾಗಬೇಕಾದರೆ ಮೂರು ಭಾನುವಾರ ಆರಾಧನೆಯ ನಡುವೆ ಗಂಡು ಹೆಣ್ಣಿನ ಹೆಸರನ್ನು ಸಭೆಯ ಮುಂದೆ ಓದಬೇಕು. ಯಾರದಾದರೂ ತಕರಾರಿದ್ದರೆ ಹೇಳಲು ಅದು ಅವಕಾಶ. ಮೊಮ್ಮಗಳು ಧರಣಿಯ ಹೆಸರನ್ನು ಕರುಣಮ್ಮ ಬರೆಸಿ ಬಂದಿದ್ದಳು. ಆ ಬೆಳಿಗ್ಗೆ ಮೊದಲನೆಯ ಪ್ರಕಟಣೆ ಆಗಿಹೋಗಿತ್ತು. ಮನೆಯಲ್ಲಿ ಮೂವರು ಹೆಂಗಸರಿಗೂ ಗೊತ್ತು. ಗೊತ್ತಿಲ್ಲದವನು ಹುಡುಗಿಯ ತಂದೆ ಸುಂದರೇಶ ಒಬ್ಬನೇ.

ಅವನು ಬಂದಾಗ ಒಂದೂವರೆ. ನಲವತ್ತೊಂಬತ್ತರ ಗಂಡಸು, ಹೊಸ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಬೂಟು ಬಿಚ್ಚುವ ಮೊದಲೇ ತಾಯಿಯ ಮುಂದೆ ಮೊಬೈಲು ಹಿಡಿದ.

"ಅವ್ವ, ನೋಡು. ಅಗ್ರಹಾರ ಸರ್ಕಲ್‌ಗೆ ಕಟ್ಟೋ ಫ್ಲೆಕ್ಸು. ಹದಿನೈದಡಿ ಬರುತ್ತೆ."

ಕರುಣಮ್ಮ ಕೈ ಒರೆಸಿಕೊಂಡು ಮೊಬೈಲನ್ನು ದೂರಕ್ಕೆ ಹಿಡಿದಳು. "ಹಲ್ಲು ಬೆಳ್ಳಗೆ ಮಾಡವ್ರೆ. ಚೆನ್ನಾಗೈತೆ. ಹಣೆ ಮ್ಯಾಲೆ ಏನ್ಲಾ ಅದು?"

"ಕುಂಕುಮ. ಪ್ರಿಂಟಿನವನು ಹಾಕವ್ನೆ."

"ಅವನಾಗೇ ಹಾಕಿದ್ನಾ?"

"ಎಲ್ಲಾರಿಗೂ ಹಾಕ್ತಾರೆ. ಪಕ್ಕದಲ್ಲಿ ಮೃತ್ಯುಂಜಯಣ್ಣಂಗೂ ಐತೆ ನೋಡು."

"ಅವ್ರು ದಿನಾ ಇಡೋರು, ಐತೆ. ನಿಂಗೆ ಆ ಜಾಗದಲ್ಲಿ ಅಯ್ಯನೋರು ನೀರಲ್ಲಿ ಶಿಲುಬೆ ಬರ್ದಿದ್ರು ಕಣೋ. ಮೂರು ತಿಂಗಳ ಕೂಸು, ಅತ್ತೂ ಅತ್ತೂ ಚರ್ಚಿನ ಸೂರೇ ಹಾರಿಸಿದ್ದೆ ನೀನು."

"ನೀರು ಅವತ್ತೇ ಒಣಗೋಯ್ತಲ್ಲ ಅವ್ವ," ಎಂದು ಸುಂದರೇಶ ನಕ್ಕ. ಕರುಣಮ್ಮ ನಗಲಿಲ್ಲ.

ಊಟಕ್ಕೆ ಮುದ್ದೆ, ಹಿತಕವರೆ ಸಾರು. ಮೊದಲನೆಯ ಮುದ್ದೆ ಮುಗಿಯುವವರೆಗೂ ಅವನು ಟಿಕೆಟ್ಟಿನ ಮಾತಾಡಿದ. ಪಾಲಿಕೆ ಚುನಾವಣೆ ಬೇಸಿಗೆಯೊಳಗೆ ಆಗುತ್ತದೆಂದು ಸುದ್ದಿಯಿತ್ತು. ವಾರ್ಡು ಪರಿಶಿಷ್ಟ ಜಾತಿಗೆ ಮೀಸಲು. ಲಕ್ಷ್ಮೀಪುರಂನ ಪಕ್ಷದ ಮುಖಂಡ ಮೃತ್ಯುಂಜಯ ಅವನ ಹೆಸರನ್ನೇ ಮೇಲಕ್ಕೆ ಕಳಿಸಿದ್ದ. ಇಪ್ಪತ್ತೈದು ವರ್ಷದಿಂದ ಸುತ್ತಿನ ನಾಲ್ಕು ಬಡಾವಣೆಗಳ ಮದುವೆ, ತಿಥಿ, ನಾಮಕರಣಗಳಿಗೆ ಶಾಮಿಯಾನ ಹಾಕಿದವನನ್ನು ತಿಳಿಯದ ಮನೆ ಇರಲಿಲ್ಲ.

ಎರಡನೆಯ ಮುದ್ದೆಗೆ ಕೈ ಹಾಕಿದಾಗ ಕರುಣಮ್ಮ ಹೇಳಿದಳು. "ಧರಣಿ ಹೆಸರು ಓದಿದ್ರು ಕಣಪ್ಪ ಇವತ್ತು."

ಅವನ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಿ?"

"ಇನ್ನೆಲ್ಲಿ, ಚರ್ಚಲ್ಲಿ."

"ಏನಂತ ಓದಿದ್ರು?"

"ಸಮುವೇಲ ಸುಂದರೇಶ ಅವರ ಪುತ್ರಿ ಧರಣಿ, ಹುಣಸೂರು ಕಡೆ ಜೀವಪ್ಪನೋರ ಮಗ ಮನೋಹರ ಅಂತ. ಯಾರೂ ತಕರಾರು ತೆಗೀಲಿಲ್ಲ."

"ನಾನು ತೆಗೀತೀನಿ!" ಸುಂದರೇಶ ಎದ್ದುಬಿಟ್ಟ. "ಯಾರನ್ನ ಕೇಳಿ ಬರೆಸ್ದೆ? ಇನ್ನೂರು ಜನದ ಮುಂದೆ ‘ಸಮುವೇಲ’ ಅಂತ ಕೂಗ್ಸಿದ್ದೀಯಲ್ಲ, ನಾಳೆ ಬಿ ಫಾರಂ ಕೊಡೋ ಹೊತ್ತಿಗೆ ಅದೇ ಹಿಡ್ಕೊಂಡು ಬರ್ತಾರೆ ಅವ್ವ. ಕ್ರಿಶ್ಚಿಯನ್ ಅಂದ್ರೆ ನನ್ ಸರ್ಟಿಫಿಕೇಟು ರದ್ದು!"

ಆ ಮನೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರು. ರೇಷನ್ ಕಾರ್ಡಿನಲ್ಲಿ ಕೆಂಪಮ್ಮ, ಸಭೆಯ ಪುಸ್ತಕದಲ್ಲಿ ಕರುಣಮ್ಮ. ತೀರಿಹೋದ ಅವಳ ಗಂಡ ಕಾಗದದಲ್ಲಿ ಮೂಗಯ್ಯ, ಸಮಾಧಿಕಲ್ಲಿನ ಮೇಲೆ ಮೋಶೆ. ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ನಡೆಯುವುದಿಲ್ಲ. ಊರಿನವರು ಕೇರಿಯವರು ಎಂದು ಕರೆಯುವುದನ್ನು ಬಿಡಲಿಲ್ಲ, ಸರ್ಕಾರ ಸರ್ಟಿಫಿಕೇಟು ಬಿಡಬೇಕು ಅಂದಿತು. ಮೂಗಯ್ಯ ಮಗನನ್ನು ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಹೇಳಿಕೊಟ್ಟಂತೆ ಬರೆಸಿ ಬಂದಿದ್ದ. ಅವತ್ತಿನಿಂದ ಎರಡು ಹೆಸರೂ ಒಂದೇ ಸೂರಿನಡಿ ಬಾಳಿಕೊಂಡು ಬಂದಿದ್ದವು.

ಸಂಜೆ ಆಸ್ಪತ್ರೆಯ ಲ್ಯಾಬ್ ಡ್ಯೂಟಿ ಮುಗಿಸಿ ಧರಣಿ ಬಂದಳು. ಅಪ್ಪ ಕಾಯುತ್ತಿದ್ದ.

"ಚುನಾವಣೆ ಮುಗೀಲಿ. ಆಮೇಲೆ ಮಾಡೋಣ ಮದ್ವೆ."

"ಇನ್ನು ಮೂರೂವರೆ ವಾರಕ್ಕೆ ಲೆಂಟ್ ಉಪವಾಸ ಶುರು ಅಪ್ಪ. ಆಮೇಲೆ ನಲವತ್ತು ದಿನ ಮದ್ವೆ ಇಲ್ಲ. ಹುಡುಗನ ಮನೆಯೋರು ಆಗ್ಲೇ ಎರಡು ಸಲ ಮುಂದಕ್ಕೆ ಹಾಕವ್ರೆ, ನೀವು ಹೇಳಿದ್ರಿ ಅಂತ."

"ಈಸ್ಟರ್ ಆದ್ಮೇಲೆ ಮಾಡು."

"ಅಷ್ಟೊತ್ತಿಗೆ ನೀವು ಗೆದ್ದಿರ್ತೀರ. ಗೆದ್ರೆ ಐದು ವರ್ಷ. ಆಗ ಚರ್ಚಿಗೆ ಕಳಿಸ್ತೀರಾ?"

ಸುಂದರೇಶ ಇನ್ನೊಂದು ದಾರಿ ಹೇಳಿದ. "ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿ, ಕಲ್ಯಾಣ ಮಂಟಪದಲ್ಲಿ ಹಾರ ಬದಲಾಯಿಸ್ಕೊಳ್ಳಿ. ಪ್ರಾರ್ಥನೆ ಮನೇಲಿ ಮಾಡ್ಸೋಣ, ಬಾಗ್ಲು ಹಾಕ್ಕೊಂಡು."

"ಬಾಗ್ಲು ಹಾಕ್ಕೊಂಡು ಯಾಕಪ್ಪ? ನಾನೇನು ಓಡಿ ಹೋಗಿ ಮದ್ವೆ ಆಗ್ತಿದೀನಾ?"

ಸುಗುಣ ಕಾಫಿ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಮಂಗಳವಾರ ಬೆಳಿಗ್ಗೆ ಫೋನು ಬಂತು. ಸುಂದರೇಶ ಲಕ್ಷ್ಮೀಪುರಂಗೆ ಹೋದ. ಮೃತ್ಯುಂಜಯನ ಮನೆಯ ಜಗಲಿಯಲ್ಲಿ ಹಿಂದೆಲ್ಲ ಅವನು ಮೆಟ್ಟಿಲ ಹತ್ತಿರ ನಿಂತು ಮಾತಾಡಿ ಬರುತ್ತಿದ್ದ. ‘ಏನಯ್ಯ, ಕುರ್ಚಿ ಕಳಿಸಿದ್ಯಾ’ ಅನ್ನಿಸಿಕೊಳ್ಳುತ್ತಿದ್ದ. ನಾಲ್ಕು ತಿಂಗಳಿಂದ ‘ಬನ್ನಿ ಸುಂದರೇಶ್, ಕೂತ್ಕೊಳ್ಳಿ’ ಎಂದಾಗಿತ್ತು. ಕಾಫಿ ಮನೆಯವರ ಲೋಟದಲ್ಲೇ ಬರುತ್ತಿತ್ತು. ಆ ಲೋಟದ ಕಾಫಿಯನ್ನು ಅವನು ನಿಧಾನವಾಗಿ ಕುಡಿಯುತ್ತಿದ್ದ.

"ನಿಮ್ಮ ಮನೆ ದೇವರು ಯಾರು ಅಂತ ನಾನು ಯಾವತ್ತಾದ್ರೂ ಕೇಳಿದೀನಾ?" ಎಂದ ಮೃತ್ಯುಂಜಯ.

"ಇಲ್ಲ ಅಣ್ಣ."

"ಕೇಳೋದೂ ಇಲ್ಲ. ಆದ್ರೆ ಆಚೆ ಪಕ್ಷದವ್ರು ಕೇಳ್ತಾರೆ, ಕೋರ್ಟಲ್ಲಿ ಕೇಳ್ತಾರೆ. ಭಾನುವಾರ ಮಧ್ಯಾಹ್ನಾನೇ ಸುದ್ದಿ ಬಂತು ನಂಗೆ. ನಂಗೆ ಬಂದಿದ್ದು ಅವ್ರಿಗೆ ಬರದೇ ಇರುತ್ತಾ? ಏನ್ರೀ ಚಂದ್ರಮೌಳಿ?"

ಲೆಕ್ಕಪತ್ರ ನೋಡಿಕೊಳ್ಳುವ ಚಂದ್ರಮೌಳಿ ಕನ್ನಡಕದ ಮೇಲಿಂದ ನೋಡಿದ. ಅರವತ್ತು ದಾಟಿದವನು, ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು. "ಒಂದು ಫೋಟೋ ಸಾಕು ಸಾರ್. ಅಪ್ಪ ಮಗಳ ಕೈ ಹಿಡ್ಕೊಂಡು ಒಳಗೆ ಹೋಗೋದು."

"ನಾನು ಬೇಕಾದ್ರೆ ಹಿಂದೆ ಸರೀತೀನಿ ಅಣ್ಣ," ಎಂದ ಸುಂದರೇಶ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಸರಿದ್ರೆ ಮುಗೀತು ಅನ್ಕೊಂಡ್ರಾ?" ಚಂದ್ರಮೌಳಿ ಮೃದುವಾಗಿಯೇ ಕೇಳಿದ. "ಹೆಸರು ಒಂದ್ಸಲ ಆಚೆ ಬಂತಲ್ಲ. ನಮ್ಮ ಆಸರೆ ಇಲ್ಲ ಅಂದ ತಕ್ಷಣ ಅರ್ಜಿ ಹಾಕ್ತಾರೆ. ಶಾಮಿಯಾನದ ಸಾಲ ಎಸ್ಸಿ ನಿಗಮದಿಂದ ತಗೊಂಡಿದ್ದಲ್ವಾ? ಮಗಳ ಸೀಟು? ಒಂದೊಂದೇ ಬಿಚ್ಚುತ್ತೆ."

ಮೃತ್ಯುಂಜಯ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟ. "ಮದುವೆ ಮಾಡಿ, ಬೇಡ ಅನ್ನೋಕೆ ನಾನ್ಯಾರು. ನಿಮ್ಮ ಹೆಸರು ಅಲ್ಲಿ ಓದಬಾರದು, ಕಾರ್ಡಲ್ಲಿ ಇರಬಾರದು, ನೀವು ಒಳಗೆ ಕಾಲಿಡಬಾರದು. ಇಷ್ಟೇ."

ಅಲ್ಲಿಂದ ಅವನು ನೇರವಾಗಿ ಚರ್ಚಿನ ಕಾಂಪೌಂಡಿಗೆ ಹೋದ. ಗೇಟಿನ ಹೊರಗೆ ಸ್ಕೂಟರು ನಿಲ್ಲಿಸದೆ, ಅರ್ಧ ಫರ್ಲಾಂಗು ಆಚೆ ಒಂದು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲಿಸಿ ನಡೆದು ಬಂದ. ಸಭಾಪಾಲಕರಾದ ಅಯ್ಯನವರು ಪೈಪು ಹಿಡಿದು ಕ್ರೋಟನ್ ಗಿಡಗಳಿಗೆ ನೀರು ಬಿಡುತ್ತಿದ್ದರು.

"ಬಾರಪ್ಪ ಸಮುವೇಲ. ಎಷ್ಟು ವರ್ಷ ಆಯ್ತು ನೀನು ಈ ಕಡೆ ಬಂದು?"

"ಮೆಲ್ಲಗೆ ಅಯ್ಯನೋರೆ."

"ಯಾಕೆ, ಗಿಡ ಕೇಳಿಸ್ಕೊಳ್ಳುತ್ತಾ?"

ಸುಂದರೇಶ ವಿಷಯ ಹೇಳಿದ. ಮುಂದಿನ ಎರಡು ಸಲ ತನ್ನ ಹೆಸರು ಬಿಟ್ಟು ಓದಬೇಕು.

ಅಯ್ಯನವರು ಪೈಪನ್ನು ಗಿಡದ ಬುಡದಲ್ಲಿ ಬಿಟ್ಟರು. "ಅಪ್ಪ ಇಲ್ಲದ ಹುಡುಗಿ ಅಂತ ಓದ್ಲಾ? ದಿವಂಗತ ಅಂತ ಸೇರಿಸ್ಲಾ? ಬದುಕಿರೋ ಅಪ್ಪನ ಹೆಸರು ಬಿಟ್ಟು ನಾನು ಯಾವತ್ತೂ ಓದಿಲ್ಲ."

"ನಮ್ಮನೆ ಮುಳುಗೋಗುತ್ತೆ ಅಯ್ಯನೋರೆ. ನಂದಷ್ಟೇ ಅಲ್ಲ, ಅವಳದ್ದೂ."

ಅಯ್ಯನವರು ಪೈಪನ್ನು ಪಕ್ಕದ ಗಿಡದ ಬುಡಕ್ಕೆ ಸರಿಸಿದರು. ಈ ಕಾಂಪೌಂಡಿನಲ್ಲಿ ಎರಡು ಹೆಸರಿನವರು ಸುಂದರೇಶನೊಬ್ಬನೇ ಅಲ್ಲವೆಂದು ಅವರಿಗೆ ಗೊತ್ತಿತ್ತು. ಭಾನುವಾರ ಮುಂದಿನ ಸಾಲಿನಲ್ಲಿ ಕೂರುವ ಅರ್ಧ ಜನ ಸೋಮವಾರ ಬೇರೆ ಹೆಸರಿನಲ್ಲಿ ಹಾಜರಿ ಹಾಕುವವರು.

"ನೀನು ಹೇಳ್ದೆ ಅಂತ ನಾನು ಬಿಡಲ್ಲ. ನಿಮ್ಮ ತಾಯಿ ಬಂದು ಹೇಳಿದ್ರೆ, ಅವರ ಮೊಮ್ಮಗಳು ಅಂತ ಓದ್ತೀನಿ. ಅದು ಸುಳ್ಳಲ್ಲ."

ಬುಧವಾರ ಓಣಿಗೆ ನೀರು ಬಿಡುವ ದಿನ. ಬೆಳಿಗ್ಗೆ ಆರೂವರೆಗೆ ಕರುಣಮ್ಮ ನಲ್ಲಿಯ ಹತ್ತಿರ ಕೂತು ಕೊಡ ಹಿಡಿಯುವುದು, ಸುಂದರೇಶ ಹೊತ್ತು ಡ್ರಮ್ಮಿಗೆ ಸುರಿಯುವುದು. ಇಷ್ಟು ವರ್ಷದಲ್ಲಿ ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾಲ್ಕನೆಯ ಕೊಡಕ್ಕೆ ಮಾತು ತೆಗೆದ. ಕರುಣಮ್ಮ ಕೊಡ ತುಂಬುವವರೆಗೆ ಕೇಳಿಸಿಕೊಂಡಳು.

"ನಮ್ಮೂರಲ್ಲಿ ನಂಗೆ ಹೆಸರು ಎಲ್ಲಿತ್ಲಾ?" ಎಂದಳು. "‘ಏಯ್’ ಅಂದ್ರೆ ನಾನು. ಮಿಷನ್ ಆಸ್ಪತ್ರೆ ಕಾಂಪೌಂಡಲ್ಲಿ ಕಸ ಗುಡಿಸೋಕೆ ಬಂದಾಗ ಆಗಿನ ಅಯ್ಯನೋರು ಕೇಳಿದ್ರು, ನಿನ್ನ ಏನಂತ ಕರೀಬೇಕಮ್ಮ ಅಂತ. ‘ಅಮ್ಮ’ ಅಂದ್ರು ಕಣೋ. ನಾನು ಪೊರಕೆ ಹಿಡ್ಕೊಂಡು ಹಿಂದೆ ತಿರುಗಿ ನೋಡ್ದೆ, ಇನ್ಯಾರನ್ನೋ ಕರೀತಾವ್ರೆ ಅಂತ."

"ನಂಗೂ ಅದೇ ಬೇಕಾಗಿರೋದು ಅವ್ವ." ಸುಂದರೇಶ ಕೊಡವನ್ನು ಹೆಗಲಿಂದ ಇಳಿಸಿದ. "ನಿನ್ನ ಅಯ್ಯನೋರು ಒಳಗಡೆ ಕರೆದ್ರು. ಗೇಟಿಂದಾಚೆ? ಅಗ್ರಹಾರದಲ್ಲಿ ಒಂದು ಉಪನಯನಕ್ಕೆ ಶಾಮಿಯಾನ ಹಾಕಿ ಬಿಸಿಲಲ್ಲಿ ನೀರು ಕೇಳಿದ್ರೆ ಕೈಗೆ ಮೇಲಿಂದ ಹುಯ್ದಿದ್ರು. ನನ್ನದೇ ಕುರ್ಚಿ, ಐನೂರು ಕುರ್ಚಿ, ಒಂದರಲ್ಲೂ ಕೂತ್ಕೊಳ್ಳೋ ಹಂಗಿಲ್ಲ. ಈಗ ಅದೇ ಮನೆಯೋರು ‘ಸುಂದರೇಶ್ ಅವ್ರೇ’ ಅಂತಾರೆ. ಅದೂ ಬೇಡ ಅಂತೀಯಾ?"

ನೀರಿನ ಧಾರೆ ಸಣ್ಣಗಾಯಿತು. ಕರುಣಮ್ಮ ಕೊನೆಯ ಕೊಡವನ್ನು ಅರ್ಧಕ್ಕೇ ಎತ್ತಿಕೊಟ್ಟಳು.

"ಆಯ್ತು. ನನ್ನ ಹೆಸರಲ್ಲೇ ಓದ್ಲಿ. ನಾನು ಹೋಗಿ ಯೋಳ್ತೀನಿ." ಮೊಣಕಾಲಿಗೆ ಕೈಯೂರಿ ಎದ್ದಳು. "ನಾನು ಸತ್ತ ದಿನಾನೂ ಓದ್ತಾರಲ್ಲ, ಅವತ್ತು ಯಾರ ತಾಯಿ ಅಂತ ಓದಿಸ್ತೀಯಾ?"

"ಏನವ್ವ ನೀನು ಬೆಳಿಗ್ಗೆ ಬೆಳಿಗ್ಗೆ!"

ಎರಡನೆಯ ಭಾನುವಾರ ಧರಣಿ ಡ್ಯೂಟಿ ಬದಲಾಯಿಸಿಕೊಂಡು ಅಜ್ಜಿ, ಅಮ್ಮನ ಜೊತೆ ಚರ್ಚಿಗೆ ಹೋಗಿದ್ದಳು. ತನ್ನ ಹೆಸರನ್ನು ಕಿವಿಯಾರೆ ಕೇಳಬೇಕೆಂದು ಆಸೆ. ಅಜ್ಜಿ ಅಯ್ಯನವರ ಹತ್ತಿರ ಹೋಗಿ ಬಂದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಕರುಣಮ್ಮನವರ ಮೊಮ್ಮಗಳಾದ ಧರಣಿ," ಎಂದು ಅಯ್ಯನವರು ಕಾಗದ ನೋಡುತ್ತ ಓದಿದರು. ತಲೆ ಎತ್ತಲಿಲ್ಲ. "ಇವರ ವಿವಾಹಕ್ಕೆ ಅಡ್ಡಿಯಾದ ಕಾರಣ ಯಾರಿಗಾದರೂ ತಿಳಿದಿದ್ದರೆ ತಿಳಿಸತಕ್ಕದ್ದು. ಇದು ಎರಡನೆಯ ಪ್ರಕಟಣೆ."

ಮುಂದಿನ ಬೆಂಚಿನ ಇಬ್ಬರು ಹೆಂಗಸರು ಹಿಂದೆ ತಿರುಗಿ ನೋಡಿದರು. ಹೋದ ವಾರ ಇದ್ದ ಅಪ್ಪ ಈ ವಾರ ಎಲ್ಲಿ ಹೋದ ಎಂದು ಆ ನೋಟ. ಸುಗುಣ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಧರಣಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು.

ಮನೆಗೆ ಬಂದ ಧರಣಿ ಸೀರೆ ಬದಲಾಯಿಸದೆ ಶಾಮಿಯಾನದ ಗೋಡೌನಿಗೆ ಹೋದಳು. ಸುಂದರೇಶ ಹರಿದ ಶಾಮಿಯಾನಕ್ಕೆ ದಬ್ಬಣದಲ್ಲಿ ಹೊಲಿಗೆ ಹಾಕುತ್ತಿದ್ದ.

"ನನ್ನ ಅಪ್ಪ ಯಾರು ಅಂತ ಕೇಳಿದ್ರು ಇವತ್ತು ಎಲ್ಲಾರೂ."

"ಯಾರು ಕೇಳಿದ್ರು?"

"ಬಾಯಲ್ಲಿ ಕೇಳಿದ್ರೆ ಪರವಾಗಿರ್ಲಿಲ್ಲ."

"ಎರಡು ವಾರದ ಮಾತು ಕಣಮ್ಮ. ಹೆಸರು ಓದ್ಲಿಲ್ಲ ಅಂದ್ರೆ ನಾನು ಅಪ್ಪ ಅಲ್ದೇ ಹೋಗ್ತೀನಾ?"

"ದೇವರ ಮುಂದೆ ಅಪ್ಪ ಅಲ್ಲ, ಮೃತ್ಯುಂಜಯನ ಮುಂದೆ ಕ್ರಿಶ್ಚಿಯನ್ ಅಲ್ಲ. ನೀವು ಯಾರು ಹಂಗಾದ್ರೆ? ಫ್ಲೆಕ್ಸಲ್ಲಿ ಇರೋರಾ?"

ದಬ್ಬಣ ಬೆರಳಿಗೆ ಚುಚ್ಚಿತು. ಸುಂದರೇಶ ಬೆರಳನ್ನು ಬಾಯಿಗಿಟ್ಟುಕೊಂಡು ತೆಗೆದ. "ದೊಡ್ಡ ಮಾತಾಡ್ತೀಯ. ನಿಂಗೆ ಸೀಟು ಸಿಕ್ಕಿದ್ದು ಯಾವ ಹೆಸರಲ್ಲಿ? ಫೀಸು ವಾಪಸ್ ಬಂದಿದ್ದು ಯಾವ ಸರ್ಟಿಫಿಕೇಟಲ್ಲಿ? ನಾನು ಆವತ್ತು ತಾಲ್ಲೂಕಾಫೀಸಲ್ಲಿ ಮೂರು ದಿನ ನಿಂತು ತಂದ್ಕೊಟ್ಟಾಗ ‘ಬೇಡಪ್ಪ, ನಾನು ಕ್ರಿಶ್ಚಿಯನ್’ ಅಂದ್ಯಾ?"

ಹದಿನೆಂಟು ವರ್ಷದ ತಾನು ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗವಚಿಕೊಂಡು ಕೌನ್ಸೆಲಿಂಗಿಗೆ ಹೋದದ್ದು ಧರಣಿಗೆ ನೆನಪಿತ್ತು.

"ಇಲ್ಲ," ಎಂದಳು. "ನಾನೂ ಆ ಅನ್ನ ಉಂಡವಳೇ."

"ಮತ್ತೆ?"

"ಮತ್ತೆ ಏನಿಲ್ಲ."

ಅವಳು ಅವತ್ತು ಊಟ ಮಾಡಲಿಲ್ಲ. ಸುಂದರೇಶನೂ ಮಾಡಲಿಲ್ಲ. ಕೋಳಿ ಸಾರು ಹಾಗೇ ಉಳಿಯಿತೆಂದು ಸುಗುಣ ಸಂಜೆ ಪಕ್ಕದ ಮನೆಗೆ ಕೊಟ್ಟುಬಂದಳು.

ಆ ವಾರ ಕಾರ್ಡು ಅಚ್ಚಾಗಬೇಕಿತ್ತು. ಸುಖಾಗಮನ ಬಯಸುವವರು ಎಂಬ ಸಾಲಿನ ಕೆಳಗೆ ಯಾರ ಹೆಸರು? ಹೆಣ್ಣಿನ ಕಡೆಯಿಂದ ಕಾರ್ಡೇ ಬೇಡ, ಗಂಡಿನವರದ್ದು ಸಾಕು ಎಂದು ಸುಂದರೇಶ ತೀರ್ಮಾನಿಸಿದ. ಸುಗುಣ ಅದುವರೆಗೂ ಜೋರಾಗಿ ಮಾತಾಡಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಂದಳು.

"ನಾನೂ ಹೋಗ್ಬಾರ್ದಾ?"

"ನೀನು ಹೋಗು. ಆದ್ರೆ ಮುಂದೆ ಕೂರ್ಬೇಡ. ಫೋಟೋಗೆ ನಿಲ್ಬೇಡ."

"ಹೆತ್ತಿರೋಳು ರೀ ನಾನು. ಕೊನೇ ಬೆಂಚಲ್ಲಿ ಕೂತು ಮುಯ್ಯಿ ಕೊಟ್ಟು ಬರ್ಲಾ?"

"ನಿನ್ನ ಗಂಡ ಅಂತ ನನ್ನ ಹಿಡೀತಾರೆ ಸುಗುಣ."

"ಹಿಡೀಲಿ. ನಾನು ಮುಂದೇನೇ ಕೂರೋಳು. ಯಾರಾದ್ರೂ ಕೇಳಿದ್ರೆ ಗಂಡ ಬಿಟ್ಟವ್ನೆ ಅಂತೀನಿ. ಆವಾಗ ನಿಮಗೂ ಅನುಕೂಲ, ನನಗೂ ಅನುಕೂಲ."

ಕರುಣಮ್ಮ ಒಳಗಿಂದ ನಕ್ಕುಬಿಟ್ಟಳು. ಧರಣಿಗೂ ನಗು ಬಂತು. ಪ್ರಕಟಣೆಯ ಸುದ್ದಿ ಒಡೆದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೊಂದೇ ಸಲ. ಸುಂದರೇಶ ಮಾತ್ರ ನಗಲಾರದೆ ಗೋಡೌನಿಗೆ ಹೋದ.

ಮೂರನೆಯ ಭಾನುವಾರವೂ ಯಾರೂ ತಕರಾರು ತೆಗೆಯಲಿಲ್ಲ. ಆರಾಧನೆ ನಡೆಯುವ ಹೊತ್ತಿನಲ್ಲಿ ಸುಂದರೇಶ ಅಗ್ರಹಾರದ ಫ್ಲೆಕ್ಸಿನ ಕೆಳಗೆ ನಿಂತು ಹಗ್ಗ ಬಿಗಿಸುತ್ತಿದ್ದ. ದಾರಿಹೋಕರು ಮೇಲೆ ನೋಡಿ, ಕೆಳಗೆ ಅವನನ್ನು ನೋಡಿ ‘ನಮಸ್ಕಾರ’ ಎಂದರು. ಅವನೂ ‘ನಮಸ್ಕಾರ’ ಎಂದ. ಹತ್ತಕ್ಕೆ ಆರಾಧನೆ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು. ಹತ್ತೂಕಾಲಿಗೆ ಸುಗುಣಳ ಫೋನು ಬರುವವರೆಗೆ ಅವನು ಅಲ್ಲಿಂದ ಕದಲಲಿಲ್ಲ.

"ಆಯ್ತು," ಎಂದಳು ಸುಗುಣ. ಅಷ್ಟೇ ಹೇಳಿ ಇಟ್ಟಳು.

ಮದುವೆ ಗುರುವಾರ. ಮಂಗಳವಾರ ಸಂಜೆ ಹೆಂಗಸರು ಹೂವು, ಊಟದ ಲೆಕ್ಕ ಹಾಕುತ್ತ ಕೂತಿದ್ದಾಗ ಸುಂದರೇಶ ಬಾಗಿಲಲ್ಲಿ ನಿಂತ. ಮುಖದಲ್ಲಿ ಏನೋ ಕಂಡುಹಿಡಿದವನ ಸಂಭ್ರಮ.

"ಶಾಮಿಯಾನ ಯಾರಿಗೆ ಹೇಳಿದ್ದೀರಾ?"

"ಹುಣಸೂರಿನೋರು ಇಲ್ಲೇ ಯಾರಿಗೋ ಹೇಳ್ತಾರಂತೆ," ಎಂದಳು ಸುಗುಣ.

"ಬೇಡ ಅನ್ನು. ನಾನು ಹಾಕ್ತೀನಿ. ಶಾಮಿಯಾನದವನು ಯಾವ ಮದ್ವೆಗೆ ಬೇಕಾದ್ರೂ ಹೋಗ್ಬೋದು. ಮಸೀದಿ ಮುಂದೆ ಹಾಕಿಲ್ವಾ, ಮಠದಲ್ಲಿ ಹಾಕಿಲ್ವಾ? ನನ್ನ ಯಾರು ಕೇಳ್ತಾರೆ?"

ಧರಣಿ ತಲೆ ಬಗ್ಗಿಸಿ ಹೂವಿನ ಲೆಕ್ಕದ ಚೀಟಿಯನ್ನು ಮಡಿಸುತ್ತಾ ಕೂತಳು.

"ಆ ಹೊಸ ಬಿಳಿ ಬಟ್ಟೆ ಐತಲ್ಲಪ್ಪ," ಎಂದಳು ಆಮೇಲೆ, "ಅದನ್ನೇ ಹಾಕಿ."

ಗುರುವಾರ ನಸುಕಿಗೇ ಅವನು ಲಾರಿ ತಂದ. ಚರ್ಚಿನ ಕಾಂಪೌಂಡಿನಲ್ಲಿ ಕಂಬ ನಿಲ್ಲಿಸಿ, ಯಾರಿಗೂ ಇನ್ನೂ ಬಾಡಿಗೆಗೆ ಕೊಡದ ಬಿಳಿ ಬಟ್ಟೆ ಎಳೆದು, ಅಂಚಿಗೆ ನೀಲಿ ಝಾಲರು ಕಟ್ಟಿದ. ಕುರ್ಚಿಗಳಿಗೆ ಒಂದೊಂದಕ್ಕೂ ಕವರು ಹಾಕಿಸಿದ. ಕೆಲಸದವರು ಇಬ್ಬರಿದ್ದರೂ ಒಂದು ಹಗ್ಗವನ್ನೂ ಅವರಿಗೆ ಬಿಡಲಿಲ್ಲ. ಹತ್ತೂವರೆಗೆ ಕಾರು ಬಂತು. ಬಿಳಿ ಸೀರೆ, ತಲೆಯ ಮೇಲೆ ತೆಳ್ಳನೆಯ ಮುಸುಕು, ಕೈಯಲ್ಲಿ ಹೂವು, ಧರಣಿ ಇಳಿದಳು. ತಂದೆ ಹಿಡಿಯಬೇಕಾದ ಕೈಯನ್ನು ಕರುಣಮ್ಮ ಹಿಡಿದಳು. ಎಪ್ಪತ್ತೆರಡರ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಹೋದಳೋ, ಮೊಮ್ಮಗಳೇ ಮುದುಕಿಯನ್ನು ನಡೆಸಿಕೊಂಡು ಹೋದಳೋ, ಮೆಟ್ಟಿಲು ಹತ್ತಿ ಒಳಗಾದರು.

ಸುಂದರೇಶ ಹೊರಗೆ ಕಂಬದ ಹತ್ತಿರ ನಿಂತ. ಕಿಟಕಿಯಿಂದ ಹಾಡು ಕೇಳಿತು. ಬಾಯಿ ತಾನಾಗಿ ಎರಡು ಸಾಲು ಹಾಡಿತು. ಗೇಟಿನ ಹತ್ತಿರ ಚಂದ್ರಮೌಳಿ ಕಂಡಕೂಡಲೇ ನಿಲ್ಲಿಸಿತು.

"ಮೃತ್ಯುಂಜಯಣ್ಣ ಕಳಿಸಿದ್ರು, ಸುಮ್ನೆ ನೋಡ್ಕೊಂಡು ಬಾ ಅಂತ," ಎಂದ ಚಂದ್ರಮೌಳಿ, ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ. "ಆಚೆ ರಸ್ತೇಲಿ ಇಬ್ಬರು ಮೊಬೈಲ್ ಹಿಡ್ಕೊಂಡು ನಿಂತವ್ರೆ. ನಮ್ಮೋರಲ್ಲ. ಹುಷಾರು."

ಹನ್ನೆರಡಕ್ಕೆ ಗಂಟೆ ಮೊಳಗಿತು. ಬಾಗಿಲು ತೆರೆದು ಮದುಮಕ್ಕಳು ಹೊರಗೆ ಬಂದರು. ಜನ ಅಕ್ಷತೆಯಂತೆ ಹೂವಿನ ಎಸಳು ಎರಚಿದರು. ಫೋಟೋದವನು ಬೆಂಚು ಹಾಕಿಸಿ ಕೂಗಿದ, "ಹುಡುಗನ ತಂದೆ ತಾಯಿ ಬನ್ನಿ. ಹುಡುಗಿ ತಂದೆ ತಾಯಿ ಬನ್ನಿ." ಸುಗುಣ ಹೋಗಿ ನಿಂತಳು. "ಯಜಮಾನ್ರು ಎಲ್ಲಮ್ಮ?" ಎಂದ ಅವನು. ಸುಗುಣ ಕೇಳಿಸದವಳಂತೆ ಧರಣಿಯ ಸೀರೆಯ ನೆರಿಗೆ ಸರಿಮಾಡಿದಳು.

ಫೋಟೋ ಮುಗಿದ ಮೇಲೆ ಧರಣಿ ಗಂಡನಿಗೆ ಏನೋ ಹೇಳಿ, ಹೂವನ್ನು ಅವನ ಕೈಗೆ ಕೊಟ್ಟು, ಶಾಮಿಯಾನದ ಅಂಚಿಗೆ ನಡೆದು ಬಂದಳು. ಅಪ್ಪನಿಂದ ಮೂರು ಮಾರು ದೂರದಲ್ಲಿ ನಿಂತಳು.

"ಶಾಮಿಯಾನದೋರೇ," ಎಂದಳು, ಎಲ್ಲರಿಗೂ ಕೇಳುವಂತೆ. "ಕುಡಿಯೋ ನೀರು ಎಲ್ಲಿಟ್ಟಿದ್ದೀರಾ?"

ಸುಂದರೇಶ ಕಂಬದಿಂದ ಕೈ ತೆಗೆದು ತೋರಿಸಿದ. "ಅಲ್ಲಿ ನೆರಳಲ್ಲಿಟ್ಟಿದ್ದೀನಿ ಕಣಮ್ಮ. ತಣ್ಣಗಿದೆ. ಕುಡೀರಿ."

"ಬಟ್ಟೆ ತುಂಬಾ ಚೆನ್ನಾಗಿದೆ. ಹೊಸಾದಾ?"

"ಹೊಸಾದು. ಇವತ್ತೇ ಮೊದಲು ಬಿಚ್ಚಿದ್ದು."

"ಬಿಸಿಲಲ್ಲಿ ನಿಂತ್ಕೋಬೇಡಿ," ಎಂದು ಅವಳು ತಿರುಗಿ ಹೋದಳು. ನೀರು ಕುಡಿಯಲಿಲ್ಲ.

ಚಂದ್ರಮೌಳಿ ಹತ್ತಿರ ಬಂದ. ದನಿ ತಗ್ಗಿಸಲಿಲ್ಲ, ಬೇಕೆಂದೇ ಏರಿಸಿದ. "ಏನ್ ಸುಂದರೇಶ್, ಇವ್ರಿಂದ ಬಾಡಿಗೆ ಬಂತಾ? ಬಿಲ್ ಹಾಕಿದ್ದೀರಲ್ಲ?" ಆಮೇಲೆ ತುಟಿ ಅಲ್ಲಾಡಿಸದಂತೆ ಹೇಳಿದ, "ಬಿಲ್ ಇಲ್ದೇ ಹಾಕಿದ್ರೆ ಮನೆ ಮದುವೆ ಆಗುತ್ತೆ ಸಾರ್. ಒಂದು ಬಿಲ್ ಇರ್ಲಿ. ನಾಳೆ ತೋರಿಸೋಕೆ ಬೇಕು."

"ಆಮೇಲೆ ಹಾಕ್ತೀನಿ."

"ಈಗ. ಅವ್ರು ನೋಡ್ತಾವ್ರೆ."

ಹುಡುಗನ ತಂದೆ ಜೀವಪ್ಪ ಅಲ್ಲೇ ಇದ್ದವನು, ಏನು ಮಾಡಬೇಕೆಂದು ತಿಳಿಯದೆ ಬೀಗನ ಮುಖವನ್ನೇ ನೋಡಿದ. ಕೈ ಜೇಬಿನ ತನಕ ಹೋಗಿ ನಿಂತಿತು. ಬೀಗನಿಗೆ ಮಗಳ ಮದುವೆಯ ಕುರ್ಚಿಯ ಬಾಡಿಗೆ ಕೊಡುವುದು ಹೇಗೆ?

ಕರುಣಮ್ಮ ಕುರ್ಚಿಗಳ ಬೆನ್ನು ಹಿಡಿದು ಹಿಡಿದು ಬಂದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

"ಎಷ್ಟಾಯ್ತಪ್ಪ?" ಎಂದಳು ಮಗನಿಗೆ.

"ಅವ್ವ..." ಎಂದವನು ಚಂದ್ರಮೌಳಿಯನ್ನು ನೋಡಿ ನಿಲ್ಲಿಸಿದ.

"ಎಷ್ಟು ಅಂತ ಯೋಳು. ಊಟಕ್ಕೆ ಹೊತ್ತಾಯ್ತು."

"ಏಳು ಸಾವಿರದ ಇನ್ನೂರು."

ಅವಳು ಕೈಚೀಲ ತೆಗೆದಳು. ವಿಧವಾ ವೇತನದಲ್ಲಿ ಕೂಡಿಟ್ಟು, ಮೊಮ್ಮಗಳಿಗೆ ಕೊಡಲೆಂದು ತಂದಿದ್ದ ದುಡ್ಡು. ಚೌಕಾಸಿ ಮಾಡಲಿಲ್ಲ. ನೋಟುಗಳನ್ನು ಎಣಿಸಿ ಮಗನ ಕೈಗೆ ಕೊಟ್ಟಳು. ಅವನು ಜೇಬಿನಿಂದ ಬಿಲ್ ಪುಸ್ತಕ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ರಸ್ತೆಯಲ್ಲಿದ್ದ ಇಬ್ಬರಲ್ಲಿ ಒಬ್ಬ ಮೊಬೈಲನ್ನು ಎತ್ತಿ ಹಿಡಿದು, ಕ್ಷಣ ಬಿಟ್ಟು ಬೇಸರದಿಂದ ಇಳಿಸಿದ.

"ಯಾರ ಹೆಸರಿಗೆ ಬರೀಲಿ?" ಎಂದು ಸುಂದರೇಶ ಪುಸ್ತಕ ನೋಡುತ್ತಲೇ ಕೇಳಿದ.

"ಹುಡುಗಿ ಕಡೆಯೋರು ಅಂತ ಬರಿ."

ಅವನು ಹಾಗೇ ಬರೆದ. ಕೆಳಗೆ ‘ಬಾಕಿ ಇಲ್ಲ’ ಎಂದು ಬರೆದು ಸಹಿ ಹಾಕಿ ಹರಿದುಕೊಟ್ಟ. ಚಂದ್ರಮೌಳಿ ಸಮಾಧಾನದಿಂದ ಉಸಿರು ಬಿಟ್ಟು ಗೇಟಿನ ಕಡೆ ಹೊರಟ. ಕರುಣಮ್ಮ ಬಿಲ್ಲನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಎಲೆ ಹಾಕುತ್ತಿದ್ದರು. ಸುಗುಣ ಬೀಗರನ್ನು ಮೊದಲ ಪಂಕ್ತಿಗೆ ಕರೆಯುತ್ತಿದ್ದಳು. ಕರುಣಮ್ಮ ಎರಡು ಹೆಜ್ಜೆ ಹೋದವಳು ನಿಂತು ತಿರುಗಿ ನೋಡಿದಳು. ಮಗ ನೋಟುಗಳನ್ನು ಜೇಬಿಗೂ ಹಾಕದೆ ಕೈಯಲ್ಲೇ ಹಿಡಿದು ನಿಂತಿದ್ದ.

"ಹಂಗೇ ಹೋಗ್ಬೇಡಪ್ಪ," ಎಂದಳು. "ಕೆಲಸದೋರಿಗೂ ಊಟ ಐತೆ. ಕೊನೇ ಪಂಕ್ತಿಗೆ ಬಾ."